ನಿದ್ದೆ ಬಂದ ಆ ಮಧ್ಯಾಹ್ನ

ನಮ್ಮ ಮಗಳು ಹೊಟ್ಟೆಯಲ್ಲಿದ್ದ ವರ್ಷದ ನವರಾತ್ರಿಯಲ್ಲಿ ಇದು ಶುರುವಾಯಿತು. ನಾವಿರುವುದು ಸೂರತ್‌ನ ಅಡಾಜಣ್‌ನಲ್ಲಿ. ಗಂಡನ ಮನೆಯವರು ಕುಂದಾಪುರದ ಕಡೆಯವರು; ಮಾವನ ಕಾಲದಿಂದ ಇಲ್ಲಿ ಇಡ್ಲಿ, ದೋಸೆಯ ಒಂದು ಹೋಟೆಲು ನಡೆಸುತ್ತಿದ್ದಾರೆ.

ನಾನು ಮೊದಲಿನಿಂದಲೂ ಕುಂಭಕರ್ಣನ ವಂಶದವಳು. ದಿಂಬಿಗೆ ತಲೆ ತಾಗುವುದೇ ತಡ, ಗೊರಕೆ. ಅಂಥವಳಿಗೆ ಬಸುರಿಯಾಗಿ ಆರು ತಿಂಗಳು ಕಳೆದ ಮೇಲೆ ನಿದ್ದೆಯೇ ಮಾಯವಾಯಿತು. ಎಡಕ್ಕೆ ತಿರುಗಿದರೆ ಸೊಂಟ ನೋವು, ಬಲಕ್ಕೆ ತಿರುಗಿದರೆ ಎದೆಯುರಿ. ನಮ್ಮ ಕಾಂಪೌಂಡಿನೊಳಗೇ ಗರ್ಬಾ ನಡೆಯುತ್ತಿದ್ದುದರಿಂದ ಎಲ್ಲರೂ ಅದರ ಲೌಡ್‌ಸ್ಪೀಕರಿನ ಮೇಲೆ ಗೂಬೆ ಕೂರಿಸಿದರು. ದಸರಾ ಮುಗಿಯಿತು, ಸ್ಪೀಕರು ಇಳಿಸಿದರು. ನಿದ್ದೆ ಮಾತ್ರ ಬರಲಿಲ್ಲ.

ಡಾಕ್ಟರಮ್ಮನಿಗೆ ಹೇಳಿದೆ. ಬಸುರಿನಲ್ಲಿ ಇದೆಲ್ಲ ಸಾಮಾನ್ಯ, ಎಡಮಗ್ಗುಲಿಗೆ ಮಲಗಿ, ಮಲಗುವಾಗ ಫೋನು ನೋಡಬೇಡಿ ಎಂದರು. ನಮ್ಮವರು ನಸುಕಿಗೇ ಎದ್ದು ಹೋಟೆಲಿಗೆ ಹೋಗುವವರು, ಹಾಸಿಗೆಗೆ ಬಿದ್ದರೆ ಹೆಣದ ಹಾಗೆ ನಿದ್ದೆ. ಅವರ ಆ ನಿದ್ದೆ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಮ್ಮಸುಮ್ಮನೆ ಎಬ್ಬಿಸಿ ಜಗಳ ಆಡಿದ್ದೂ ಉಂಟು.

ಎಂಟನೇ ತಿಂಗಳಲ್ಲಿ ಅಂಗೈ, ಅಂಗಾಲು ತುರಿಸಲು ಶುರುವಾಯಿತು. ಗುಳ್ಳೆ ಇಲ್ಲ, ಕೆಂಪಗಾಗಿಲ್ಲ, ಚರ್ಮದ ಒಳಗಿನಿಂದ ತುರಿಕೆ. ಹಗಲು ಹೇಗೋ ತಡೆದುಕೊಳ್ಳಬಹುದಿತ್ತು, ದೀಪ ಆರಿಸಿದರೆ ಹುಚ್ಚು ಹಿಡಿಯುವಷ್ಟು ಹೆಚ್ಚುತ್ತಿತ್ತು. ಬಾಚಣಿಗೆ ತೆಗೆದುಕೊಂಡು ಪಾದ ಕೆರೆದುಕೊಳ್ಳುತ್ತಾ ಬಚ್ಚಲಿನ ತಣ್ಣನೆ ನೆಲದ ಮೇಲೆ ಕಾಲಿಟ್ಟು ಕೂರುತ್ತಿದ್ದೆ. ಇದನ್ನು ಡಾಕ್ಟರಮ್ಮನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿಗೂ ಅಂಗಾಲಿನ ತುರಿಕೆಗೂ ಏನು ಸಂಬಂಧ? ಚಳಿಗಾಲ, ಚರ್ಮ ಒಣಗಿದೆ ಅಂದುಕೊಂಡೆ.

ಕುಟುಂಬದಲ್ಲಿ ಸೂತಕ ಬಂದು ಏಳರಲ್ಲಿ ಆಗಬೇಕಿದ್ದ ಸೀಮಂತ ಒಂಬತ್ತಕ್ಕೆ ಹೋಗಿತ್ತು. ಅದಕ್ಕಾಗಿ ಊರಿನಿಂದ ಅತ್ತೆ ಬಂದರು. ಬಂದ ದಿನವೇ ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ಗಾಬರಿಯಾದರು. ಮೊದಲು ಉಷ್ಣ ಎಂದು ಎಳನೀರು ಕುಡಿಸಿದರು, ಕೊಬ್ಬರಿ ಎಣ್ಣೆ ತಿಕ್ಕಿದರು. ಯಾವುದಕ್ಕೂ ತುರಿಕೆ ಬಗ್ಗದಿದ್ದಾಗ ಒಂದು ಸಂಜೆ ನನ್ನ ಪಾದ ಹಿಡಿದು ನೋಡುತ್ತಾ, "ಇದ್ ಉಷ್ಣವೂ ಅಲ್ಲ, ಎಂತದೂ ಅಲ್ಲ ಮಗಾ. ನಾಗನ್ ಉಪದ್ರವೇ," ಎಂದರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಚರ್ಮದ ತೊಂದರೆ ಬಂದರೂ ನಾಗ, ಸಂತಾನದ ವಿಷಯ ಬಂದರೂ ನಾಗ. ನನಗೆ ಎರಡೂ ಒಟ್ಟಿಗೇ ಇದ್ದವು. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಹೇಗೂ ನಿಶ್ಚಯವಾಗಿತ್ತು. ಹೋದ ಕೂಡಲೇ ನಾಗಬನದಲ್ಲಿ ಹಾಲು, ಎಳನೀರು ಎರೆಸಿದರೆ ತುರಿಕೆಯೂ ಹೋಗುತ್ತದೆ, ನಿದ್ದೆಯೂ ಬರುತ್ತದೆ ಎಂದು ಅತ್ತೆ ಹರಕೆ ಹೇಳಿಕೊಂಡರು. ನಾನೂ ನಂಬಿದೆ. ನಿದ್ದೆಗೆಟ್ಟು ಕಂಗಾಲಾದವರಿಗೆ ಯಾರು ಏನು ಹೇಳಿದರೂ ಹೌದೆನ್ನಿಸುತ್ತದೆ.

ಹೊರಡುವ ದಿನ ಬಂತು. ರಾತ್ರಿಯ ರೈಲು. ಚೀಲಗಳು ಬಾಗಿಲ ಬಳಿ ಸಾಲಾಗಿ ಕೂತಿದ್ದವು. ಮಧ್ಯಾಹ್ನ ಗಂಜಿ ಉಂಡು ಸುಮ್ಮನೆ ಸೊಂಟ ನೇರ ಮಾಡೋಣ ಎಂದು ಮಲಗಿದೆ. ಏನಾಯಿತೋ ಗೊತ್ತಿಲ್ಲ, ನಿದ್ದೆ ಬಂದುಬಿಟ್ಟಿತು. ಎಷ್ಟು ವಾರಗಳ ಸಾಲವೋ, ಕಲ್ಲಿನ ಹಾಗೆ ಮಲಗಿದ್ದೆನಂತೆ. ಮನೆಯಲ್ಲಿ ಹಬ್ಬವೇ ಆಯಿತು. ಅತ್ತೆ ಪಾತ್ರೆ ತೊಳೆಯುವುದನ್ನೂ ನಿಲ್ಲಿಸಿದರು. ಹೋಟೆಲಿನಿಂದ ಬಂದ ಮಗನನ್ನು ಬಾಗಿಲಲ್ಲೇ ತಡೆದು, ಅವಳ ಕಣ್ಣು ಹತ್ತಿದೆ, ಸದ್ದು ಮಾಡಬೇಡ ಎಂದು ವಾಪಸು ಕಳಿಸಿದರು.

ಎದ್ದಾಗ ಬಿಸಿಲು ಇಳಿದಿತ್ತು. ಮೈ ಹಗುರಾಗಿತ್ತು. ಅತ್ತೆ ಮುಖ ಅರಳಿಸಿಕೊಂಡು, ಹರಕೆ ಹೇಳಿಕೊಂಡದ್ದಕ್ಕೇ ನಾಗ ಅರ್ಧ ವಾಸಿ ಮಾಡಿದ ಎಂದರು. ನಾನು ಬಹಳ ದಿನಗಳ ಮೇಲೆ ನಕ್ಕೆ.

ಅಷ್ಟರಲ್ಲಿ ಕೆಳಗಿನ ಮನೆಯ ಜ್ಯೋತ್ಸ್ನಾಬೆನ್ ಬಂದರು. ವಯಸ್ಸಾದ ಹೆಂಗಸು, ಗಂಡನೊಂದಿಗೆ ಇಬ್ಬರೇ ಇದ್ದರು. ಲಿಫ್ಟಿನಲ್ಲಿ ಸಿಕ್ಕಾಗ ಕೇಮ್ ಛೋ ಎಂದು ನಗುವುದು ಬಿಟ್ಟರೆ ಹೆಚ್ಚಿನ ಪರಿಚಯವಿರಲಿಲ್ಲ. ಸೀಮಂತಕ್ಕೆ ಕರೆದರೂ ಬಂದಿರಲಿಲ್ಲ. ಗುಜರಾತಿಗಳಿಗೆ ಊಟ ಹಿಡಿಸುವುದಿಲ್ಲವೇನೋ ಎಂದು ನಾವು ಆಡಿಕೊಂಡಿದ್ದೆವು. ಈಗ ರೈಲಿನಲ್ಲಿ ತಿನ್ನಲೆಂದು ಡಬ್ಬಿ ತುಂಬ ಥೇಪ್ಲಾ ರೊಟ್ಟಿ ಮಾಡಿ ತಂದಿದ್ದರು.

ಮಾತನಾಡುತ್ತಾ ನಾನು ಅಭ್ಯಾಸಬಲದಿಂದ ಪಾದವನ್ನು ಕಾಲೊರೆಸುವ ಚಾಪೆಗೆ ಉಜ್ಜುತ್ತಿದ್ದೆ. ಅವರು ಅದನ್ನೇ ನೋಡುತ್ತಿದ್ದರು. ಕೈ ತೋರಿಸು ಎಂದರು. ಗೀರುಗಳನ್ನು ನೋಡಿ, ಎಷ್ಟು ದಿನದಿಂದ, ರಾತ್ರಿ ಹೆಚ್ಚಾ, ಡಾಕ್ಟರಿಗೆ ಗೊತ್ತಾ ಎಂದು ಒಂದೇ ಉಸಿರಿಗೆ ಹಿಂದಿಯಲ್ಲಿ ಕೇಳಿದರು. ನಾನು ನಗುತ್ತಲೇ, ಇವತ್ತು ಪರವಾಗಿಲ್ಲ ಆಂಟಿ, ಮಧ್ಯಾಹ್ನವೆಲ್ಲ ನಿದ್ದೆ ಬಂತು ಎಂದೆ.

ಅವರ ಮುಖ ಬಿಳಿಚಿಕೊಂಡಿತು. "ಬೇಟಾ, ಮಗು ಯಾವಾಗ ಅಲುಗಾಡಿತು?" ಎಂದರು.

ನೆನಪು ಮಾಡಿಕೊಳ್ಳಲು ನೋಡಿದೆ. ಬೆಳಿಗ್ಗೆ? ಚೀಲ ತುಂಬುವ ಗಡಿಬಿಡಿ. ನಿನ್ನೆ ಮಲಗುವಾಗ ಒದ್ದಿತ್ತು, ಅದು ನೆನಪಿದೆ. ಆಮೇಲೆ? ಹೊಟ್ಟೆಯ ಮೇಲೆ ಕೈಯಿಟ್ಟೆ. ಒತ್ತಿದೆ. ಏನೂ ಇಲ್ಲ. ಮರದ ಹಲಗೆಯ ಹಾಗೆ ಸುಮ್ಮನಿತ್ತು.

ಅತ್ತೆಗೆ ಅರ್ಥವಾಗಿ, ಅದೂ ತಾಯಿಯ ಜೊತೆ ಮಲಗಿರುತ್ತದೆ, ಹೊರಟ ಹೊತ್ತಿಗೆ ಅಪಶಕುನ ಬೇಡ ಎಂದರು. ಜ್ಯೋತ್ಸ್ನಾಬೆನ್‌ಗೆ ಕನ್ನಡ ಬಾರದು, ಆದರೂ ಅತ್ತೆ ಅಡ್ಡ ಹಾಕುತ್ತಿದ್ದಾರೆಂದು ತಿಳಿಯಿತು. ಅತ್ತೆಯ ಎರಡೂ ಕೈ ಹಿಡಿದು, "ರೈಲು ನಾಳೆಯೂ ಇರುತ್ತದೆ. ಈಗಲೇ ಹೊರಡಿ," ಎಂದರು. ಆ ದನಿಗೆ ಅತ್ತೆ ಎದುರು ಹೇಳಲಿಲ್ಲ.

ಆಸ್ಪತ್ರೆ ತಾಪಿ ನದಿಯ ಆಚೆ. ಜ್ಯೋತ್ಸ್ನಾಬೆನ್ ಉಟ್ಟ ಸೀರೆಯಲ್ಲೇ ನಮ್ಮ ಜೊತೆ ರಿಕ್ಷಾ ಹತ್ತಿದರು. ಸಂಜೆಯ ಟ್ರಾಫಿಕ್, ಸೇತುವೆಯ ಮೇಲೆ ಗಾಡಿ ಒಂದಿಂಚೂ ಕದಲುತ್ತಿಲ್ಲ. ನಾನು ಹೊಟ್ಟೆಯನ್ನು ತಟ್ಟುತ್ತಾ, ಏಳು ಪುಟ್ಟಾ, ಒಂದೇ ಒಂದು ಸಲ ಒದಿ ಎಂದು ಹೇಳುತ್ತಲೇ ಇದ್ದೆ. ಅತ್ತೆ ಕಣ್ಣು ಮುಚ್ಚಿ ನಾಗನನ್ನು ಕರೆಯುತ್ತಿದ್ದರು. ನನ್ನ ಕೈ ಹಿಡಿದಿದ್ದ ಜ್ಯೋತ್ಸ್ನಾಬೆನ್ ಕೈ ಐಸಿನಷ್ಟು ತಣ್ಣಗಿತ್ತು. ಇವರಿಗೇಕೆ ಇಷ್ಟು ಭಯ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಎದೆಬಡಿತ ಹುಡುಕಿದಳು. ಬರೀ ಗರಗರ ಸದ್ದು. ಅಲ್ಲಿಂದ ಇಲ್ಲಿಗೆ ಸರಿಸಿದಳು. ಆಮೇಲೆ ದಬ್, ದಬ್ ಎಂದು ಕೇಳಿಸಿತು. ದೇವರೇ ಎಂದೆ. ಅವಳು ನನ್ನ ಮುಖ ನೋಡದೆ, ಇದು ನಿಮ್ಮದೇ ನಾಡಿ ಎಂದಳು. ನನ್ನ ಜೀವಮಾನದಲ್ಲಿ ಅಂಥ ಮಾತು ಮತ್ತೆ ಕೇಳುವುದು ಬೇಡ. ಇನ್ನಷ್ಟು ಹುಡುಕಿ ಕೊನೆಗೆ ಕೆಳಗೊಂದು ಕಡೆ ಸಿಕ್ಕಿತು. ಸಣ್ಣಗೆ ಓಡುವುದು, ನಡುವೆ ತಡವರಿಸುವುದು, ಮತ್ತೆ ಓಡುವುದು.

ಡಾಕ್ಟರಮ್ಮ ಬಂದವರು ಮೊದಲು ನೋಡಿದ್ದು ನನ್ನ ಅಂಗೈ. ತುರಿಕೆಯ ವಿಷಯ ಹೇಳಲಿಲ್ಲವಲ್ಲ ಎಂದಷ್ಟೇ ಕೇಳಿದರು, ಬೈಯಲಿಲ್ಲ. ಲಿವರ್ ತೊಂದರೆ ಇರಬೇಕು, ಪಿತ್ತದ ಅಂಶ ರಕ್ತಕ್ಕೆ ಸೇರಿದಾಗ ಹೀಗೆ ತುರಿಸುತ್ತದೆ, ಅದು ತಾಯಿಗಿಂತ ಮಗುವಿಗೆ ಅಪಾಯ ಎಂದರು. ರಕ್ತಪರೀಕ್ಷೆ ಆಮೇಲೆ ಅದನ್ನೇ ಹೇಳಿತು. ಮಗುವಿನ ಎದೆಬಡಿತ ಹೀಗಿರುವಾಗ ಕಾಯಲಾಗುವುದಿಲ್ಲ ಎಂದು ಆಗಲೇ ಆಪರೇಷನ್‌ಗೆ ಕರೆದುಕೊಂಡು ಹೋದರು. ನಮ್ಮವರು ಹೋಟೆಲಿನಿಂದ ಓಡಿ ಬಂದಿದ್ದರು. ಬಾಗಿಲವರೆಗೂ ಸ್ಟ್ರೆಚರ್ ಹಿಡಿದುಕೊಂಡೇ ನಡೆದರು. ಒಂದು ಧೈರ್ಯದ ಮಾತಾದರೂ ಹೇಳಬಾರದೇ ಎಂದು ನೋಡಿದೆ. ಅವರು ಅಳುತ್ತಿದ್ದರು.

ಮಗಳು ಹುಟ್ಟಿದ ತಕ್ಷಣ ಅಳಲಿಲ್ಲ. ಪರದೆಯ ಆಚೆ ಗುಸುಗುಸು ಮಾತು, ಏನೋ ಹೀರುವ ಯಂತ್ರದ ಸದ್ದು. ನಾನು ಕಿವಿಯಾಗಿಬಿಟ್ಟಿದ್ದೆ. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅವಳು ಉಳಿಯುತ್ತಾಳೆ ಎಂದು ಡಾಕ್ಟರಮ್ಮ ಬಾಯಿ ಬಿಟ್ಟು ಹೇಳುವವರೆಗೂ ನಮ್ಮ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ರೈಲು ಹತ್ತಿದ್ದರೆ ಆ ಹೊತ್ತಿಗೆ ಎಲ್ಲಿರುತ್ತಿದ್ದೆವು ಎಂದು ನಮ್ಮವರು ಒಮ್ಮೆ ಲೆಕ್ಕ ಹಾಕಲು ಹೊರಟರು. ನಾನು ಬಾಯಿ ಮುಚ್ಚಿಸಿದೆ.

ಮಗು ನನ್ನ ಮಡಿಲಿಗೆ ಬಂದ ದಿನ ಜ್ಯೋತ್ಸ್ನಾಬೆನ್ ನೋಡಲು ಬಂದರು. ಎತ್ತಿಕೊಳ್ಳಿ ಎಂದೆ. ಎತ್ತಿಕೊಳ್ಳಲಿಲ್ಲ, ಬೆರಳಿನಿಂದ ಕಾಲು ಮುಟ್ಟಿದರಷ್ಟೇ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿಬಿಟ್ಟೆ.

"ನನ್ನ ಮಗಳೂ ಹೀಗೇ ತುರಿಸಿಕೊಳ್ಳುತ್ತಿದ್ದಳು," ಎಂದರು. "ನಾನೇ ಪಾದಕ್ಕೆ ಮೊಸರು ಹಚ್ಚಿ ಮಲಗಿಸಿದೆ. ಬೆಳಿಗ್ಗೆ ಎದ್ದು, ಮಮ್ಮಿ, ಇವತ್ತು ಒಳ್ಳೇ ನಿದ್ದೆ ಬಂತು, ಮಗು ಒಂದು ಸಲವೂ ಒದೆಯಲಿಲ್ಲ ಅಂದಳು. ಇಬ್ಬರೂ ಖುಷಿಪಟ್ಟೆವು. ಕೂತು ಚಹಾ ಕುಡಿದೆವು."

ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೀಮಂತಕ್ಕೆ ಅವರು ಯಾಕೆ ಬರಲಿಲ್ಲವೆಂದು ನನಗೆ ಆಗ ತಿಳಿಯಿತು. ಅತ್ತೆಗೆ ವಿಷಯ ಹೇಳಿದೆ. ಅವರು ಎದ್ದವರೇ ಜ್ಯೋತ್ಸ್ನಾಬೆನ್ ಕಾಲು ಮುಟ್ಟಲು ಹೋದರು. ನೀವು ನನಗಿಂತ ಹಿರಿಯರು ಎಂದು ಅವರು ತಡೆದರು. ಇಬ್ಬರೂ ಹಾಗೇ ತಬ್ಬಿಕೊಂಡು ಅತ್ತರು. ಊರಿಗೆ ಹೋದಾಗ ಅತ್ತೆ ನಾಗನ ಹರಕೆಯನ್ನೂ ತೀರಿಸಿದರು. ನಾನು ಬೇಡ ಎನ್ನಲಿಲ್ಲ.

ಮಗಳಿಗೆ ಈಗ ಮಾತು ಬಂದಿದೆ, ಅವಳ ಗಲಾಟೆಗೆ ಮನೆ ಸಾಲದು. ನನಗೂ ನಿದ್ದೆ ಮರಳಿ ಬಂದಿದೆ. ಭಯ ಮಾತ್ರ ಪೂರ್ತಿ ಹೋಗಿಲ್ಲ. ಪರಿಚಯದ ಯಾರಾದರೂ ಬಸುರಿ ನಿನ್ನೆ ಒಳ್ಳೇ ನಿದ್ದೆ ಬಂತು ಎಂದರೆ ಉಳಿದವರೆಲ್ಲ ಸದ್ಯ ಎನ್ನುತ್ತಾರೆ. ನಾನು, ಬೆಳಿಗ್ಗೆಯಿಂದ ಮಗು ಒದೆಯಿತಾ ಎಂದು ಕೇಳುತ್ತೇನೆ. ಹಾಗೆಲ್ಲ ಕೇಳಿ ಬಸುರಿಯರನ್ನು ಹೆದರಿಸಬೇಡ ಎಂದು ನಮ್ಮವರು ಗದರುತ್ತಾರೆ. ಹೆದರಲಿ. ಹೆದರಿಕೊಂಡೇ ಒಂದು ಸಲ ಹೊಟ್ಟೆ ಮುಟ್ಟಿ ನೋಡಿಕೊಳ್ಳಲಿ.