ವ್ಯಾನಿನ ನೆತ್ತಿಯ ಮೇಲಿದ್ದ ಕೆಂಪು ಕಯಾಕ್

ಮೊದಲೇ ಹೇಳಿಬಿಡುತ್ತೇನೆ, ನಾನು ಸುಲಭಕ್ಕೆ ಹೆದರುವವಳಲ್ಲ. ಎಷ್ಟೋ ವರ್ಷ ನೀರಿನ ಮೇಲೇ ಕಳೆದಿದ್ದೇನೆ. ಕತ್ತಲಾದ ಮೇಲೆ ಕೆರೆ ನಡುವೆ ಒಬ್ಬಳೇ ದೋಣಿ ನಡೆಸಿದ್ದೇನೆ. ಆದ್ದರಿಂದ ಈಗ ಹೇಳುವುದನ್ನು ಭ್ರಮೆ ಅಂತ ತಳ್ಳಿಹಾಕುವ ಮುಂಚೆ ಸ್ವಲ್ಪ ಯೋಚಿಸಿ. ಆ ರಾತ್ರಿ ನನ್ನ ಜೊತೆ ನನ್ನ ಕಾಕಾ ಇದ್ದರು. ಇವತ್ತಿಗೂ ಆ ವಿಷಯ ಎತ್ತಿದರೆ ಅವರು ಎದ್ದು ಒಳಗೆ ಹೋಗುತ್ತಾರೆ. ಆದರೆ ಸುಳ್ಳು ಅಂತ ಮಾತ್ರ ಒಮ್ಮೆಯೂ ಅಂದಿಲ್ಲ.

ಆಗಿನ್ನೂ ರಾಜ್ಯ ಎರಡಾಗಿರಲಿಲ್ಲ. ಹೈದರಾಬಾದ್ ಇಡೀ ಆಂಧ್ರದ ರಾಜಧಾನಿ. ನಮ್ಮ ಮನೆ ಕುಷಾಯಿಗೂಡದಲ್ಲಿ. ಅಪ್ಪ, ಕಾಕಾ ಇಬ್ಬರೂ ಬಾಗಲಕೋಟೆ ಕಡೆಯಿಂದ ನೌಕರಿಗೆ ಬಂದು ಇಲ್ಲೇ ಉಳಿದವರು. ಬಸವರಾಜ ಕಾಕಾ ಕಾರ್ಖಾನೆಯ ಬಸ್ ಓಡಿಸುತ್ತಿದ್ದರು. ನಿವೃತ್ತರಾದ ಮೇಲೆ ಕೈ ಸುಮ್ಮನಿರದೆ ಒಂದು ಹಳೆಯ ವ್ಯಾನ್ ಕೊಂಡರು. ಆರಡಿ ಆಳು ಒಳಗೆ ನೆಟ್ಟಗೆ ನಿಲ್ಲಬಹುದಾದಷ್ಟು ಎತ್ತರದ ವ್ಯಾನ್ ಅದು. ಅದರ ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಹಿಂದೆ ಹತ್ತಲು ಏಣಿ.

ನಾನು ಮೂರು ಜನ ಗೆಳತಿಯರ ಜೊತೆ ಸೇರಿ ಭಾನುವಾರಗಳಂದು ಕಯಾಕಿಂಗ್ ಕಲಿಸುತ್ತಿದ್ದೆ. ಕಯಾಕ್ ಅಂದರೆ ಒಬ್ಬರೇ ಕೂತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಉದ್ದನೆಯ ಸಣ್ಣ ದೋಣಿ. ನಮ್ಮ ಹತ್ತಿರ ಅಂಥವು ನಾಲ್ಕಿದ್ದವು. ಜೊತೆಗೆ ಎರಡು ಪ್ಯಾಡಲ್ ಬೋರ್ಡು, ಅಂದರೆ ನಿಂತುಕೊಂಡೇ ಹುಟ್ಟು ಹಾಕುವ ಹಲಗೆಗಳು. ಇವನ್ನೆಲ್ಲ ಊರಾಚೆಯ ಕೆರೆಗಳಿಗೆ ಹೊತ್ತೊಯ್ಯುವುದು ಕಾಕಾರ ವ್ಯಾನಿನ ಕೆಲಸ.

ಆ ಭಾನುವಾರ ಹೋದದ್ದು ಲಿಂಗಂಪಲ್ಲಿ ದಾಟಿ ಇನ್ನೂ ಮುಂದಿದ್ದ ಒಂದು ದೊಡ್ಡ ಕೆರೆಗೆ. ಅಲ್ಲಿ ಏರಿಯ ಪಕ್ಕದ ಶೆಡ್ಡಿನಲ್ಲಿ ಮಲ್ಲಯ್ಯ ಅಂತ ಕಾವಲುಗಾರ ಇದ್ದ. ಅರವತ್ತರ ಹತ್ತಿರದ ವಯಸ್ಸು. ಜಹೀರಾಬಾದ್ ಕಡೆಯವನಾದ್ದರಿಂದ ಬೀದರ ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಮಾಮಾ ಅಂತ ಕರೆದರೆ ಮುಖವೆಲ್ಲ ಅರಳುತ್ತಿತ್ತು.

ಸಂಜೆ ಕಲಿಯಲು ಬಂದವರೆಲ್ಲ ಹೊರಟುಹೋದರು. ಗೆಳತಿಯರೂ ಅವರ ಜೊತೆಗೇ ಹೋದರು. ನಾನು, ಕಾಕಾ, ಮಲ್ಲಯ್ಯ ಸೇರಿ ದೋಣಿಗಳನ್ನು ಒರೆಸಿ ಮೇಲಕ್ಕೇರಿಸಿದೆವು. ಗಾಳಿ ಹಿಡಿಯಬಾರದು, ಒಳಗೆ ಏನೂ ತುಂಬಬಾರದು ಅಂತ ಕಯಾಕ್‌ಗಳನ್ನು ಬೋರಲು ಹಾಕುವುದು ನಮ್ಮ ಪದ್ಧತಿ. ಕೆಂಪು ಕಯಾಕ್ ಎಲ್ಲಕ್ಕಿಂತ ಮೇಲೆ ಬಂತು. ಅದರ ಬೆನ್ನಾಸರೆಯನ್ನು ನಾನೇ ಮಡಚಿದೆ. ಬೋರಲು ಹಾಕಿದ್ದೂ ನಾನೇ. ಕಾಕಾ ಲಾರಿಯವರು ಬಳಸುವಂಥ ದಪ್ಪ ಪಟ್ಟಿ ಹಾಕಿ ಜಗ್ಗಿ ಕಟ್ಟಿದರು.

ವ್ಯಾನ್ ಹತ್ತುವಾಗ ನೆನಪಾಯಿತು. ಕಲಿಯುವವರಿಗೆ ಗಡಿ ತೋರಿಸಲು ಖಾಲಿ ಡಬ್ಬಗಳನ್ನು ಹಗ್ಗಕ್ಕೆ ಪೋಣಿಸಿ, ಅಲ್ಲಲ್ಲಿ ಕಲ್ಲು ಕಟ್ಟಿ ನೀರಲ್ಲಿ ಬಿಟ್ಟಿದ್ದೆವು. ಅವು ಅಲ್ಲೇ ಉಳಿದಿದ್ದವು.

"ಮಾಮಾ, ಡಬ್ಬಿ ತಗದಿಡ್ರಿ" ಅಂದೆ ಕಿಟಕಿಯಿಂದ.

"ಆಯ್ತಮ್ಮಾ, ನಾ ನೋಡ್ಕೋತೀನಿ" ಅಂದ ಅವನು.

ನಾಳೆ ಬೆಳಗ್ಗೆ ಅಂತ ನಾನು ಹೇಳಬೇಕಿತ್ತು... ಹೇಳಲಿಲ್ಲ.

ಅಮಾವಾಸ್ಯೆ ಹತ್ತಿರವಿತ್ತು. ಏರಿ ಇಳಿದು ಮಣ್ಣು ರಸ್ತೆಗೆ ಬರುವಷ್ಟರಲ್ಲಿ ಕತ್ತಲು ಗಟ್ಟಿಯಾಗಿತ್ತು. ಎರಡೂ ಕಡೆ ಬಂಡೆ, ಜಾಲಿ ಗಿಡ. ಕಾಕಾ ರೇಡಿಯೋ ಹಾಕಿದರು. ಬರೀ ಗೊರಗೊರ ಸದ್ದು. ಆರಿಸಿದರು.

ಎರಡು ಮೈಲಿ ಹೋಗಿರಬೇಕು... ಮುಂದಿನ ಗಾಜಿನ ಮೇಲೆ ಒಂದು ಹನಿ ಬಿತ್ತು. ಇನ್ನೊಂದು. ಆಮೇಲೆ ಸಣ್ಣ ಧಾರೆಯಾಗಿ ಇಳಿಯತೊಡಗಿತು.

"ಮಳಿ ಏನವಾ?" ಅಂದರು ಕಾಕಾ.

ನಾನು ಕಿಟಕಿಯಿಂದ ಕೈ ಚಾಚಿದೆ. ಮಳೆ ಇರಲಿಲ್ಲ. ಆಕಾಶದ ತುಂಬ ನಕ್ಷತ್ರ.

"ಮ್ಯಾಲಿಂದು, ಕಾಕಾ. ದೋಣ್ಯಾಗಿಂದು."

"ಒರಸೀವಲ್ಲ?"

ನಾನು ಉತ್ತರ ಕೊಡುವ ಮೊದಲೇ ನೆತ್ತಿಯ ಮೇಲೆ ಸದ್ದಾಯಿತು.

ಟಕ್... ಟಕ್... ಟಕ್.

ಪಟ್ಟಿ ಗಾಳಿಗೆ ಬಡಿದರೆ ಪಟಪಟ ಅಂತ ಒಂದೇ ಸಮನೆ ಬಡಿಯುತ್ತದೆ. ಇದು ಹಾಗಿರಲಿಲ್ಲ. ಮೂರು ಸಲ, ಆಮೇಲೆ ಬಿಡುವು. ಮತ್ತೆ ಮೂರು ಸಲ. ಮುಚ್ಚಿದ ಬಾಗಿಲ ಹೊರಗೆ ನಿಂತವರು ಬಡಿಯುತ್ತಾರಲ್ಲ, ಹಾಗೆ. ಜೊತೆಗೆ ವಾಸನೆ... ಕೆರೆಯ ತಳದ ಕೆಸರಿನ, ಕೊಳೆತ ಬೇರಿನ ವಾಸನೆ ವ್ಯಾನಿನೊಳಗೆ ತುಂಬಿತು.

"ನಿಲ್ಲಸ್ರಿ, ಕಾಕಾ."

"ಇಲ್ಲಿ ಬ್ಯಾಡ. ಬ್ರಿಜ್ ಹತ್ರ ನಿಲ್ಲಸ್ತೀನಿ, ಅಲ್ಲಿ ದೀಪ ಐತಿ."

ಆ ದಾರಿಯಲ್ಲಿ ರೈಲು ಹಳಿಯ ಕೆಳಗೆ ಒಂದು ತಗ್ಗು ಸೇತುವೆ ಇತ್ತು. ಬೆಳಗ್ಗೆ ಬರುವಾಗ ನಮ್ಮ ಸಾಮಾನಿನ ಮೇಲೆ ಒಂದು ಗೇಣು ಜಾಗ ಉಳಿದಿತ್ತು. ಕಾಕಾ ಅದನ್ನು ಇಳಿದು ನೋಡಿಯೇ ದಾಟಿಸಿದ್ದರು. ಈಗಲೂ ಸೇತುವೆಯ ಮುಂದೆ ನಿಲ್ಲಿಸಿ, ಟಾರ್ಚ್ ಹಿಡಿದು ಇಳಿದರು.

ಬೆಳಕನ್ನು ಮೇಲಕ್ಕೆ ಹಿಡಿದು ಹಾಗೇ ನಿಂತರು.

"ಇಳದು ಬಾ" ಅಂದರು ಕಡೆಗೆ. ದನಿ ತೀರ ಮೆಲ್ಲಗಿತ್ತು.

ಟಾರ್ಚಿನ ಬೆಳಕಲ್ಲಿ ನೋಡಿದೆ. ಕೆಂಪು ಕಯಾಕ್ ಬೋರಲು ಇರಲಿಲ್ಲ. ಅಂಗಾತ ಇತ್ತು. ನಾನು ಮಡಚಿದ್ದ ಬೆನ್ನಾಸರೆ ನೆಟ್ಟಗೆ ಎದ್ದು ನಿಂತಿತ್ತು.

ಪಟ್ಟಿ ಕಟ್ಟಿದಂತೆಯೇ ಇತ್ತು. ಸಡಿಲಾಗಿರಲಿಲ್ಲ. ಅದನ್ನು ಬಿಚ್ಚದೆ ಆ ದೋಣಿಯನ್ನು ತಿರುವಿ ಹಾಕಲು ಯಾರಿಂದಲೂ ಸಾಧ್ಯವಿಲ್ಲ. ಎಷ್ಟು ಸಲ ಯೋಚಿಸಿದರೂ ನಾನು ಇಲ್ಲಿಗೇ ಬಂದು ನಿಲ್ಲುತ್ತೇನೆ.

ಕಾಕಾ ಏಣಿ ಹತ್ತಿದರು. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತು ಟಾರ್ಚ್ ಹಿಡಿದೆ. ಕೂರುವ ಜಾಗದಲ್ಲಿ ಅಂಗೈ ಮುಳುಗುವಷ್ಟು ನೀರಿತ್ತು. ಕಾಕಾ ಬೆನ್ನಾಸರೆಯನ್ನು ಮಡಚಲು ಒತ್ತಿದರು. ಅದು ಬಾಗಲಿಲ್ಲ. ಎರಡೂ ಕೈಯಿಂದ ಒತ್ತಿದರು. ಅದು ಬರೀ ಸ್ಪಂಜು, ಬಟ್ಟೆ... ಮಗು ಒತ್ತಿದರೂ ಬಾಗುವಂಥದ್ದು. ಆಚೆಯಿಂದ ಯಾರೋ ಒರಗಿ ಕೂತಂತೆ ಗಟ್ಟಿಯಾಗಿತ್ತು.

ಕಾಕಾ ಕೈ ತೆಗೆದರು. ಪಟ್ಟಿ ಬಿಚ್ಚಲು ನೋಡಿದರು. ಅದೂ ಜಪ್ಪಯ್ಯ ಅನ್ನಲಿಲ್ಲ. ಕೆಳಗಿಳಿದು ಕೈಯನ್ನು ಅಂಗಿಗೆ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು.

"ಈ ಎತ್ತರಕ್ಕ ಬ್ರಿಜ್ ದಾಟೂದಿಲ್ಲ. ಗಾಡಿ ತಿರಗಸ್ತೀನಿ. ಕೆರಿ ಏರಿ ಮ್ಯಾಲಿಂದ ಇನ್ನೊಂದು ರಸ್ತಾ ಐತಿ, ರೈಲ್ವೆ ಗೇಟಿನ ಕಡಿಂದ ಹೋಗೂಣು."

"ಕಾಕಾ, ಅದೇನ್ರಿ ಅದು?"

"ಮಾತಾಡಬ್ಯಾಡ. ಕುಂದರು."

ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆವು. ವ್ಯಾನ್ ತಿರುಗಿದ ಕೂಡಲೇ ಬಡಿತ ನಿಂತಿತು. ಗಾಜಿನ ಮೇಲಿನ ಧಾರೆಯೂ ನಿಂತಿತು. ಬೇಡವಾದ ದಾರಿ ಬಿಟ್ಟು ಬೇಕಾದ ದಾರಿ ಹಿಡಿದಂತೆ... ಹಾಗೆ ಅನಿಸಿದ್ದೇ ನನ್ನ ಬೆನ್ನ ಮೇಲೆ ಮುಳ್ಳೆದ್ದವು. ಕಾಕಾ ಬಾಯಲ್ಲೇ ಬಸವಣ್ಣನನ್ನು ನೆನೆಯುತ್ತಿದ್ದರು.

ಕೆರೆ ಏರಿಯ ಮೇಲೆ ಬಂದೆವು. ಮಲ್ಲಯ್ಯನ ಶೆಡ್ಡಿನ ಎದುರಿಗೆ ಬರುತ್ತಲೇ ನೆತ್ತಿಯ ಮೇಲೆ ಒಂದೇ ಒಂದು ಏಟು ಬಿತ್ತು. ತಗಡು ತಗ್ಗುವಂಥ ಏಟು. ಕಾಕಾ ಬ್ರೇಕ್ ಒತ್ತಿದರು. ಎಂಜಿನ್ ತಾನಾಗಿ ಬಂದ್ ಬಿತ್ತು.

ಕಪ್ಪೆಗಳೂ ಸುಮ್ಮನಿದ್ದವು.

ಆಗ ಕೇಳಿಸಿತು. ಈ ಸಲ ಮೇಲಿಂದಲ್ಲ. ದೂರದಿಂದ, ನೀರಿನ ಕಡೆಯಿಂದ.

ಟಕ್... ಟಕ್... ಟಕ್.

ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಕಂದೀಲು ಉರಿಯುತ್ತಿತ್ತು. ರೊಟ್ಟಿಯ ತಟ್ಟೆ ಮುಚ್ಚಿಟ್ಟಂತೆಯೇ ಇತ್ತು. ಮಲ್ಲಯ್ಯ ಇರಲಿಲ್ಲ. ದಡಕ್ಕೆ ಓಡಿದೆ. ನಮ್ಮ ಹಗ್ಗದ ಒಂದು ತುದಿ, ನಾಲ್ಕೈದು ಡಬ್ಬಗಳ ಸಮೇತ, ದಡದ ಮೇಲಿತ್ತು. ಮಿಕ್ಕದ್ದು ಕತ್ತಲ ನೀರೊಳಗೆ ಹೋಗಿತ್ತು. ಯಾವಾಗಲೂ ಅಲ್ಲಿ ಕಟ್ಟಿರುತ್ತಿದ್ದ ಅವನ ಮರದ ದೋಣಿ ಇರಲಿಲ್ಲ.

"ಮಾಮಾ!" ಅಂತ ಕಿರುಚಿದೆ.

ದನಿ ಬರಲಿಲ್ಲ. ಬಡಿತ ಬಂತು. ಮೊದಲಿಗಿಂತ ನಿಧಾನವಾಗಿ.

"ಕಾಕಾ, ಮಲ್ಲಯ್ಯ ಮಾಮಾ ನೀರಾಗ ಅದಾನ್ರಿ! ದೋಣಿ ಇಳಸ್ರಿ!"

ಕಾಕಾ ಏಣಿ ಹತ್ತಿ ಪಟ್ಟಿಗೆ ಕೈ ಹಾಕಿದರು. ಬೆರಳು ತಾಗಿದ್ದೇ ತಡ, ಅದು ಬಿಚ್ಚಿಕೊಂಡಿತು. ಕೆಂಪು ಕಯಾಕ್ ತಾನಾಗಿಯೇ ಜಾರಿ ಬಂದಂತೆ ನಮ್ಮ ತೋಳಿಗಿಳಿಯಿತು. ಒಳಗೆ ಒಂದು ಹನಿ ನೀರಿರಲಿಲ್ಲ.

ಅದರಲ್ಲಿ ಕೂರಲು ನನಗೆ ಮನಸ್ಸಿರಲಿಲ್ಲ. ಆದರೆ ಬೇರೆ ದೋಣಿ ಇಳಿಸುವಷ್ಟು ಹೊತ್ತು ಎಲ್ಲಿತ್ತು? ಡಬ್ಬ ತೆಗೆಯಲು ಹೇಳಿದವಳು ನಾನು. ಕಾಕಾರಿಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ತೊಟ್ಟು ಹುಟ್ಟು ಹಿಡಿದೆ. ಕಾಕಾ ವ್ಯಾನನ್ನು ಮತ್ತೆ ಚಾಲೂ ಮಾಡಿ, ಹೆಡ್‌ಲೈಟನ್ನು ನೀರಿನ ಕಡೆಗೆ ತಿರುಗಿಸಿದರು.

ದಡ ಬಿಟ್ಟ ಕೂಡಲೇ ಗೊತ್ತಾಯಿತು. ದೋಣಿ ಭಾರವಾಗಿತ್ತು. ನಾನೊಬ್ಬಳೇ ಕೂತರೆ ನೀರಿನ ಮಟ್ಟ ಎಲ್ಲಿರುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆ ರಾತ್ರಿ ನೀರು ಅಂಚಿಗೆ ಎರಡು ಬೆರಳಷ್ಟೇ ಕೆಳಗಿತ್ತು. ಹಿಂಬದಿ ಹೆಚ್ಚು ಮುಳುಗಿತ್ತು... ನನ್ನ ಬೆನ್ನ ಹಿಂದೆ ಯಾರೋ ಕೂತಂತೆ.

ಕುತ್ತಿಗೆಗೆ ತಣ್ಣಗೆ ತಾಗುತ್ತಿತ್ತು. ಕೆಸರಿನ ವಾಸನೆ. ನಾನು ಹಿಂತಿರುಗಿ ನೋಡಲಿಲ್ಲ. ಬಡಿತ ಬಂದ ಕಡೆಗೆ ಹುಟ್ಟು ಹಾಕಿದೆ, ಅಷ್ಟೇ.

ಮಗುಚಿದ ಮರದ ದೋಣಿ ಹೆಡ್‌ಲೈಟಿನ ಬೆಳಕಿನ ಅಂಚಿನಲ್ಲಿ ಕಂಡಿತು. ಅದರ ಮೇಲೆ ಒಂದು ತೋಳು ಚಾಚಿ ಮಲ್ಲಯ್ಯ ಜೋತುಬಿದ್ದಿದ್ದ. ಗದ್ದದವರೆಗೂ ನೀರು. ಕೈಯಲ್ಲಿ ಮುರಿದ ಹುಟ್ಟಿನ ತುಂಡು. ಡಬ್ಬಗಳ ಹಗ್ಗ ಕಲ್ಲಿನ ಸಮೇತ ಅವನ ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಎಳೆಯುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು.

ಜಾಕೆಟ್ಟಿನ ಜೇಬಿನಲ್ಲಿದ್ದ ಚಾಕು ತೆಗೆದು, ಬಾಗಿ, ನೀರೊಳಗೆ ಕೈಯಾಡಿಸಿ ಹಗ್ಗ ಕೊಯ್ದೆ. ಅವನ ಎರಡೂ ಕೈ ಹಿಡಿದು ದೋಣಿಯ ಹಿಂಬದಿಗೆ ಎಳೆದುಕೊಂಡೆ. ಅವನು ಎದೆಯವರೆಗೂ ಅದರ ಮೇಲೆ ಬಿದ್ದ.

ಅಷ್ಟು ಭಾರ ಬಿದ್ದರೆ ದೋಣಿ ಮುಳುಗಬೇಕಿತ್ತು. ನಾನು ಅದಕ್ಕೆ ಸಿದ್ಧಳಾಗಿ ಉಸಿರು ಬಿಗಿಹಿಡಿದಿದ್ದೆ.

ಅದು ಮೇಲಕ್ಕೆದ್ದಿತು. ನಾಲ್ಕು ಬೆರಳಷ್ಟು ಮೇಲಕ್ಕೆ... ಯಾರೋ ಇಳಿದಂತೆ. ನೀರು ಸದ್ದು ಮಾಡಲಿಲ್ಲ. ಕುತ್ತಿಗೆಯ ತಣ್ಣನೆ ಹೋಯಿತು.

ದಡ ಸೇರಿದ್ದು ಹೇಗೋ ನೆನಪಿಲ್ಲ. ಕಾಕಾ ಮೊಣಕಾಲಿನವರೆಗೆ ನೀರಿಗಿಳಿದು ಅವನನ್ನು ಎಳೆದುಕೊಂಡರು. ಕಂಬಳಿ ಸುತ್ತಿ, ಅಂಗೈ ಅಂಗಾಲು ತಿಕ್ಕಿದೆವು. ಪಟ್ಟಿ ಬಿಚ್ಚಿ ಸಡಿಲಾಗಿದ್ದ ಮಿಕ್ಕ ದೋಣಿಗಳನ್ನೆಲ್ಲ ಶೆಡ್ಡಿನ ಹತ್ತಿರ ಕೆಡವಿ, ಬರೀ ವ್ಯಾನಿನಲ್ಲಿ ಅದೇ ತಗ್ಗು ಸೇತುವೆಯ ಕೆಳಗಿಂದ ಲಿಂಗಂಪಲ್ಲಿಯ ಆಸ್ಪತ್ರೆಗೆ ಓಡಿದೆವು. ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು.

ದಾರಿಯಲ್ಲೇ ಮಲ್ಲಯ್ಯನಿಗೆ ಎಚ್ಚರವಾಗಿತ್ತು. ತಲೆ ನನ್ನ ತೊಡೆಯ ಮೇಲಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು.

"ಅಮ್ಮಾ... ಆಕಿ ಎಲ್ಲಿ?"

"ಯಾರು, ಮಾಮಾ?"

"ನಿಮ್ ಹಿಂದ ಕುಂತು ಬಂದಾಕಿ. ನಾ ಮುಳುಗಾಕತ್ತಾಗ ಆಕೀನೇ ನನ್ನ ಹಿಡದು ನಿಂತಿದ್ಳು. 'ಬಡೀಕೋತ ಇರು, ನಾ ಹೋಗಿ ಕರಕೊಂಡು ಬರ್ತೀನಿ' ಅಂದ್ಳು. ಕರಕೊಂಡೂ ಬಂದ್ಳು..."

ಕಾಕಾ ಕನ್ನಡಿಯಲ್ಲಿ ಒಮ್ಮೆ ನಮ್ಮ ಕಡೆ ನೋಡಿ, ವ್ಯಾನಿನ ವೇಗ ಹೆಚ್ಚಿಸಿದರು.

"ಯಾರೂ ಇದ್ದಿಲ್ರಿ. ನಾನೊಬ್ಬಾಕೀನೇ ಬಂದಿದ್ದು" ಅಂದೆ.

ಮಲ್ಲಯ್ಯ ನನ್ನ ಮಣಿಕಟ್ಟು ಹಿಡಿದ. ಅಷ್ಟು ನಿತ್ರಾಣದಲ್ಲೂ ನೋಯುವಷ್ಟು ಬಿಗಿಯಾಗಿ.

"ನನಗ ಜಾಗ ಬಿಟ್ಟು ತಾ ನೀರಿಗಿಳದ್ಳು, ಅಮ್ಮಾ. ಆಕೀನ್ನ ಅಲ್ಲೇ ಬಿಟ್ಟು ಬಂದ್ರೇನು?"

ಬೆಳಗಾಗುತ್ತಲೇ ನಾನು, ಕಾಕಾ ವಾಪಸ್ ಹೋದೆವು. ಅಲ್ಲಿನ ಬೆಸ್ತರಿಗೆ ಹೇಳಿ ಮಧ್ಯಾಹ್ನದವರೆಗೂ ಬಲೆ ಎಳೆಸಿದೆವು. ಮಗುಚಿದ ದೋಣಿ ಸಿಕ್ಕಿತು, ಡಬ್ಬಗಳು ಸಿಕ್ಕವು. ಬೇರೇನೂ ಸಿಗಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ವಿಚಾರಿಸಿದೆವು. ಕಾಣೆಯಾದವರು ಯಾರೂ ಇರಲಿಲ್ಲ. ಹಿಂದೆಂದಾದರೂ ಯಾರಾದರೂ ಮುಳುಗಿದ್ದರೇ ಅಂತ ಕೇಳಿದೆ. ಅದು ಬಹಳ ಹಳೆಯ ಕೆರೆ, ಯಾರ ಲೆಕ್ಕ ಇಟ್ಟೀರಿ ಅಂದ ಒಬ್ಬ ಮುದುಕ.

ಮಲ್ಲಯ್ಯ ಹುಷಾರಾಗಿ ಮಗಳ ಊರಿಗೆ ಹೋದ. ಮತ್ತೆ ಕೆಲಸಕ್ಕೆ ಬರಲಿಲ್ಲ. ಒಂದು ಸಲ ಕಾಕಾರನ್ನೂ ಕೇಳಿದೆ. ಹೆಡ್‌ಲೈಟಿನ ಬೆಳಕಲ್ಲಿ, ಏರಿಯ ಮೇಲಿಂದ, ನಾನು ಹೋಗುವಾಗ ನನ್ನ ಹಿಂದೆ ಏನಾದರೂ ಕಂಡಿತ್ತೇ ಅಂತ.

"ಅವ ಬದುಕಿದ. ಅಷ್ಟ ಸಾಕು, ಮುಂದಿಂದು ಕೇಳಬ್ಯಾಡ" ಅಂದು ಎದ್ದು ಹೋದರು.

ಯಾರೂ ಇರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಗಲು ಹೊತ್ತಲ್ಲಿ ಹಾಗೇ ಹೇಳಿಕೊಳ್ಳುತ್ತೇನೆ. ಆದರೆ ದೋಣಿ ಹಗುರಾದದ್ದು ನನ್ನ ಮೈಗೆ ಗೊತ್ತು... ಒಮ್ಮೆ ಕತ್ತು ತಿರುಗಿಸಿದ್ದರೆ ಸಾಕಿತ್ತು. ನೀರಲ್ಲಿ ಯಾರಾದರೂ ಇದ್ದರೇ, ಕೈ ಚಾಚಿದ್ದರೇ ಅಂತ ನೋಡಬಹುದಿತ್ತು.

ನಾನು ನೋಡಲಿಲ್ಲ.