ದುರ್ಬೀನಿನ ಕಂಬ ಅಲುಗಿರಲಿಲ್ಲ

ಬೋಲ್ಟು ಕೊಯ್ದವನು ನಾನು. ಇಷ್ಟೇ ಮಾತು — ಇದನ್ನು ಹೇಳಲು ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಬಾಲಚುಕ್ಕಿ ಬರುತ್ತದೆಂದು ಊರೆಲ್ಲ ಆಕಾಶ ನೋಡುತ್ತಿದ್ದ ವರ್ಷ ಅದು. ಸಂಶಿಯ ಹತ್ತಿರದ ನಮ್ಮೂರಲ್ಲಿ ನಾನು ಆಗಷ್ಟೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದೆ. ಶಾಲೆಯ ವಿಜ್ಞಾನದ ಮಾಸ್ತರರು ಎರಡು ವರ್ಷ ಕೈಯಿಂದ ಗಾಜು ಉಜ್ಜಿ, ಕನ್ನಡಿ ಮಾಡಿ, ಒಂದು ದುರ್ಬೀನು ಕಟ್ಟಿದ್ದರು. ಅದಕ್ಕೆ ಅಲುಗದ ಕಂಬ ಬೇಕಿತ್ತು. ಗೌಂಡಿ ಫಕೀರಪ್ಪ ಕಾಕಾ ಎರೆಮಣ್ಣು ದಾಟಿ ಗಟ್ಟಿ ಗರಸು ನೆಲ ಸಿಗುವತನಕ ಅಗೆಸಿ, ಶಾಲೆಯ ಅಂಗಳದಲ್ಲಿ ಕಾಂಕ್ರೀಟಿನ ಕಂಬ ಎಬ್ಬಿಸಿದರು. ಅದರ ನೆತ್ತಿಯಲ್ಲಿ ನಾಲ್ಕು ಬೋಲ್ಟು ನೆಡಲು ಅಳತೆ ಕೊಟ್ಟವನು ನಾನು. ಅಳತೆ ತಪ್ಪಿತ್ತು.

ದುರ್ಬೀನನ್ನು ಹೊತ್ತು ತಿರುಗಿಸುವ ಕಬ್ಬಿಣದ ಮೌಂಟನ್ನು ಕೂರಿಸಲು ಹೋದಾಗ ಗೊತ್ತಾಯಿತು — ಎರಡು ಬೋಲ್ಟು ಅದರ ತಳದ ತೂತಿಗೆ ಕೂಡುತ್ತಿಲ್ಲ. ಮಾಸ್ತರರು ಊಟಕ್ಕೆ ಹೋಗಿದ್ದರು. ಮರುದಿನವೇ ಉದ್ಘಾಟನೆ. ತಪ್ಪಾಯಿತೆಂದು ಹೇಳಿ ತೂತು ಅಗಲಿಸಿ ತರಬಹುದಿತ್ತು. ನಾಚಿಕೆ... ಎರಡನ್ನೂ ಗರಗಸದಿಂದ ಕೊಯ್ದೆ. ತುಂಡುಗಳನ್ನು ನಟ್ಟಿನ ಸಮೇತ ಮೌಂಟಿನ ತಳಕ್ಕೆ ಮೇಲಿನಿಂದ ಬೆಸೆದೆ. ಬಣ್ಣ ಬಳಿದೆ. ನಾಲ್ಕೂ ಬಿಗಿದಂತೆ ಕಂಡವು; ಹಿಡಿದಿದ್ದವು ಎರಡೇ.

ಉದ್ಘಾಟನೆಯಾದ ಐದನೆಯ ಸಂಜೆ ಮಾಸ್ತರರು ದುರ್ಬೀನನ್ನು ಪಡುವಣಕ್ಕೆ ತಿರುಗಿಸಿದಾಗ ಅದು ಮೌಂಟಿನ ಸಮೇತ ಕಿತ್ತು ಬಿತ್ತು. ಕನ್ನಡಿ ಚೂರಾಯಿತು. ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಎರೆನೆಲ, ಕಂಬ ಅಲುಗಿದೆ, ಅದಕ್ಕೇ ಬೋಲ್ಟು ಮುರಿದಿವೆ ಎಂದು ಯಾರೋ ಅಂದರು. ನಾನು ಅಲ್ಲವೆನ್ನಲಿಲ್ಲ.

ಮರುದಿನ ಪಂಚರ ಮುಂದೆ ಕಾಕಾ ನನ್ನನ್ನು ನೋಡಿ ಕೇಳಿದರು: "ಮ್ಯಾಲೆ ಕೂಡಿಸಿದಾಂವ ನೀನು. ನೀನ ಹೇಳಪಾ, ಕಂಬ ಅಲುಗ್ತಿತ್ತೇನು?"

"ಕಂಬದ್ದು ನನಗೇನು ಗೊತ್ತು ಕಾಕಾ," ಅಂದೆ.

ಅವರು ಮತ್ತೆ ಕೇಳಲಿಲ್ಲ. ಆಮೇಲೆ ಊರಲ್ಲಿ ಯಾರೂ ಅವರ ಕೈಯಿಂದ ಅಡಿಪಾಯ ಹಾಕಿಸಲಿಲ್ಲ. ಅವರ ಮಗನ ಮನೆಯ ಗೋಡೆಗೂ ಬೇರೆ ಗೌಂಡಿ ಬಂದ. ಮಾಸ್ತರರು ಇನ್ನೊಂದು ಕನ್ನಡಿ ಉಜ್ಜಲಿಲ್ಲ, ವರ್ಗವಾಗಿ ಹೋದರು. ನನ್ನ ಅಂಗಡಿ ಚೆನ್ನಾಗಿ ನಡೆಯಿತು.

ಕಾಕಾ ತೀರಿಹೋಗಿ ಬಹಳ ವರ್ಷವಾಯಿತು. ಹೋದ ತಿಂಗಳು, ತಡೆಯಲಾರದೆ, ಶಲವಡಿಯಲ್ಲಿರುವ ಅವರ ಮಗನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ — ಬೈದರೆ ಸಾಕಿತ್ತು. ಅವನು ಎಲ್ಲ ಕೇಳಿಸಿಕೊಂಡು ಅಂದ:

"ಅಪ್ಪಗ ಗೊತ್ತಿತ್ರಿ. ಸಾಯೂ ಮುಂದ ನನಗ ಹೇಳಿದ. ಕೊಯ್ದದ್ದು ನೋಡಿಕೊಂಡ ಬಂದು ನಿಮ್ಮನ್ನ ಕೇಳಿದ್ದ. ನೀವ ಹೇಳ್ತೀರಿ ಅಂತ ಕಾಯ್ತಿದ್ದ."

ಹೊರಡುವಾಗ ಅವನನ್ನೇ ಮಾಸ್ತರರ ವಿಷಯ ಕೇಳಿದೆ. ಮಾಸ್ತರರು ಇನ್ನೂ ಇದ್ದಾರಂತೆ, ಧಾರವಾಡದಲ್ಲಿ. ಕಣ್ಣು ಮಂದವಾಗಿದೆಯಂತೆ. ಪತ್ರ ಬರೆದರೆ ಬೇರೆಯವರು ಓದಿ ಹೇಳಬೇಕು. ಅದಾಗಬಾರದು — ನಾನೇ ಹೋಗುತ್ತೇನೆ.