ಈರಪ್ಪನ ಪೆನ್ಸಿಲ್ ಮತ್ತು ನಮ್ಮ ಪೋರ್ಟಲ್

"ನಾ ಒತ್ತಂಗಿಲ್ಲ."

ಇಷ್ಟು ಹೇಳಿ ಖೈರುನ್ನೀಸಾ ಅವರು ಮೌಸ್ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕುರ್ಚಿಗೆ ಒರಗಿ ಕುಳಿತುಬಿಟ್ಟರು. ನಮ್ಮ ಹೊಸ ಪೋರ್ಟಲ್‌ನಲ್ಲಿ ಮನೆ ತೆರಿಗೆ ಘೋಷಿಸಲು ಬಂದ ಮೊದಲ ನಾಗರಿಕರು ಅವರು. ಫೋಟೊಗ್ರಾಫರ್ ಕ್ಯಾಮೆರಾ ಹಿಡಿದು ಸಜ್ಜಾಗಿದ್ದ. ಪಕ್ಕದಲ್ಲಿ ನಗರಾಡಳಿತದ ಮುಖ್ಯಾಧಿಕಾರಿ ನಗುಮುಖ ಮಾಡಿಕೊಂಡು ನಿಂತಿದ್ದರು. (ನಾನೂ ನಿಂತಿದ್ದೆ. ಹೊಸ ಇಳಕಲ್ ಸೀರೆ ಬೇರೆ!)

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ದಾಂಡೇಲಿಯ ಬಂಗೂರನಗರದಲ್ಲಿ ಎರಡು ಕೋಣೆಯ ಸಾಫ್ಟ್‌ವೇರ್ ಆಫೀಸು, ನಾಲ್ಕು ಜನ. ಸರ್ಕಾರದ ಒಂದು ಇಲಾಖೆಗೆ ಆನ್‌ಲೈನ್ ತೆರಿಗೆ ಸೇವೆ ಕಟ್ಟಿಕೊಡುವ ಕೆಲಸ ನಮಗೆ ಸಿಕ್ಕಾಗ ಮೂಗು ಮುರಿದವರಿದ್ದರು. ಇವರ ಕೈಲಿ ಆಗುತ್ತಾ ಎಂದು. ಆಯಿತು. ಚೆನ್ನಾಗಿಯೇ ಆಯಿತು. ಜೊಯಿಡಾ ಕಡೆ ನೆಟ್‌ವರ್ಕ್ ಒಂದೇ ಕಡ್ಡಿ ಬಂದರೂ ತೆರೆದುಕೊಳ್ಳುವಂತೆ ಪುಟಗಳನ್ನು ಹಗುರ ಮಾಡಿದೆವು. ಅನಮೋಡದ ಚೆಕ್‌ಪೋಸ್ಟ್ ಹತ್ತಿರ ಗಾಡಿ ನಿಲ್ಲಿಸಿ, ಮೊಬೈಲ್ ಹಿಡಿದು ಪರೀಕ್ಷೆ ಮಾಡಿದೆವು. ಹೊಗಳಿಕೊಳ್ಳುತ್ತಿದ್ದೇನೆಯೇ? ಹೌದು. ನಾನು ಹೊಗಳಿಕೊಳ್ಳದಿದ್ದರೆ ಇನ್ಯಾರು ಹೊಗಳುತ್ತಾರೆ?

ಮೊದಲ ಪ್ರಯೋಗ ನಮ್ಮ ಭಾಗದ ಒಂದು ಪಟ್ಟಣದಲ್ಲಿ. ಯಾವುದು ಎಂದು ಕೇಳಬೇಡಿ. ಹಳಿಯಾಳ ಎಂದರೆ ಮುಂಡಗೋಡದವರು ನಗುತ್ತಾರೆ, ಮುಂಡಗೋಡ ಎಂದರೆ ಹಳಿಯಾಳದವರು.

"ಯಾಕ್ರಿ ಅಕ್ಕಾರ, ಏನಾತು?" ಎಂದೆ.

"ಇಲ್ಲಿ ನೋಡ್ರಿ ಮೇಡಂರ. ಮುಂದಿನ ಖೋಲಿ ಗ್ಯಾರೇಜ್ ಅಂತ ಬರದೈತಿ. ಗ್ಯಾರೇಜ್ ಎಲ್ಲೈತ್ರಿ? ನಮ್ಮ ಮನಿಯವರು ಅದನ್ನ ಬೈಪಾಸ್ ರೋಡಿಗೆ ಒಯ್ದು ಆರು ವರ್ಷ ಆತು. ಈಗ ಅಲ್ಲಿ ನಮ್ಮ ಅತ್ತಿ ಮಲಗ್ತಾರ."

ಅವರು ಬೆಳಿಗ್ಗೆಯೇ ಬಂದು ಸಾಲಿನಲ್ಲಿ ಮೊದಲು ನಿಂತದ್ದೂ ಅದಕ್ಕೇ. ಆ ಕೋಣೆಯ ಕರೆಂಟ್ ಮೀಟರ್ ಇನ್ನೂ ವಾಣಿಜ್ಯದ್ದು. ಅದನ್ನು ಮನೆ ಮೀಟರ್ ಮಾಡಬೇಕಾದರೆ ತೆರಿಗೆ ರಸೀದಿಯಲ್ಲಿ 'ವಾಸದ ಮನೆ' ಎಂದು ಇರಬೇಕಂತೆ. ಹಳೆಯ ಕೈಬರಹದ ರಸೀದಿಯಲ್ಲಿ ಮೊತ್ತ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಹೊಸದರಲ್ಲಿ ಎಲ್ಲವೂ ಇರುತ್ತದೆ ಎಂದು ಪ್ರಚಾರ ಮಾಡಿದವರು ನಾವೇ.

"ಮುದುಕಿ ತಲಿ ಮ್ಯಾಲಿನ ಫ್ಯಾನಿಗೂ ಗ್ಯಾರೇಜ್ ರೇಟ್ ಕೊಡಾಕತ್ತೇವ್ರಿ" ಎಂದರು. ಆಮೇಲೆ ಪರದೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಮೇಲ್ಕಂಡ ವಿವರಗಳು ಸತ್ಯವಾಗಿರುತ್ತವೆ ಎಂದು ಘೋಷಿಸುತ್ತೇನೆ, ಎಂಬ ಸಾಲು. "ಇದನ್ನ ಒತ್ತು ಅಂತೀರಿ. ನಾಳೆ ಅಲ್ಲಾನ ಮುಂದ ಜವಾಬ್ ನಾ ಕೊಡಬೇಕು. ನೀವ್ ಬರ್ತೀರೇನ್ರಿ?"

ಗ್ಯಾರೇಜ್ ತೆಗೆದು ಮನೆ ಎಂದು ತಿದ್ದಿದರಾಯಿತಲ್ಲ, ಅನ್ನುತ್ತೀರಿ. ಆಗುವುದಿಲ್ಲ. ಹಳೆಯ ರಿಜಿಸ್ಟರಿನಿಂದ ಬಂದ ವಿವರಗಳನ್ನು ಯಾರೂ ಮುಟ್ಟದಂತೆ ಬೀಗ ಹಾಕಿದವಳು ನಾನೇ. ತಿದ್ದಲು ಬಿಟ್ಟರೆ ಒಂದೇ ವಾರದಲ್ಲಿ ಊರಿನ ಅಂಗಡಿಗಳೆಲ್ಲ ಮನೆಗಳಾಗಿಬಿಡುತ್ತವೆ ಎಂದು ಮೀಟಿಂಗಿನಲ್ಲಿ ಯಾರೋ ಅಂದಿದ್ದರು. ಎಲ್ಲರೂ ನಕ್ಕಿದ್ದೆವು.

ಮುಖ್ಯಾಧಿಕಾರಿ ಮೆತ್ತಗೆ ಬಾಯಿ ಹಾಕಿದರು. "ಸದ್ಯಕ್ಕ ಒತ್ತಿಬಿಡ್ರಿ. ಆಮ್ಯಾಲ ಅರ್ಜಿ ಕೊಟ್ಟು ಸರಿ ಮಾಡಿಸ್ಕೋಬಹುದು."

"ಸುಳ್ಳು ಈಗ, ಖರೆ ಆಮ್ಯಾಲ ಏನ್ರಿ ಸಾಹೇಬ್ರ?"

ಫೋಟೊಗ್ರಾಫರ್ ಕ್ಯಾಮೆರಾ ಇಳಿಸಿದ.

ಆಗ ಗೋಡೆ ಬದಿಯಲ್ಲಿ ನಿಂತಿದ್ದ ಬಿಲ್ ಕಲೆಕ್ಟರ್ ಈರಪ್ಪ ಒಳಗೆ ಹೋದರು. ಮನೆ ಮನೆ ಅಲೆದು ತೆರಿಗೆ ವಸೂಲಿ ಮಾಡುತ್ತಲೇ ತಲೆ ಬೆಳ್ಳಗಾದ ಮನುಷ್ಯ. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ರಿಜಿಸ್ಟರ್ ತಂದು ಬಿಚ್ಚಿದರು, ಒಂದು ಪುಟ ತೆರೆದು ನನ್ನ ಮುಂದೆ ಹಿಡಿದರು. ಪೆನ್ನಿನಲ್ಲಿ 'ಗ್ಯಾರೇಜ್' ಎಂದಿತ್ತು. ಅದೇ ಸಾಲಿನ ಕೊನೆಗೆ, ಷರಾ ಬರೆಯುವ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಸಣ್ಣಗೆ: 'ಗ್ಯಾರೇಜ್ ಇಲ್ಲ. ಮುದುಕಿ ಮಲಗುತ್ತಾಳೆ.'

ಪುಟ ತಿರುವಿದೆ. ಎಲ್ಲ ಕಡೆಯೂ ಪೆನ್ಸಿಲ್. 'ಹಿಂದಿನ ಗೋಡೆ ಬಿದ್ದಿದೆ.' 'ಅಣ್ಣತಮ್ಮ ಬೇರೆ, ಒಲೆ ಎರಡು.' 'ಕಿರಾಣಿ ಬಂದ್, ಬೋರ್ಡ್ ಮಾತ್ರ ಇದೆ.'

"ಇದನ್ನೆಲ್ಲಾ ಪೆನ್ನಿನಾಗ ಯಾಕ ಬರೀಲಿಲ್ರಿ ಕಾಕಾ?"

"ಪೆನ್ನಿನಾಗ ತಿದ್ದಿದ್ರ ಸಾಹೇಬ್ರ ಸಹಿ ಬೇಕ್ರಿ. ಸಾಹೇಬ್ರು ಬರ್ತಾರ, ಬದ್ಲಿ ಆಗಿ ಹೋಗ್ತಾರ. ಮನಿ ಅಲ್ಲೀತನಕ ತಡೀತಾವೇನ್ರಿ? ನಾ ಬಿಲ್ ಬರಿಯೂ ಮುಂದ ಪೆನ್ಸಿಲ್ ನೋಡ್ತಿದ್ನಿ."

ನನಗೆ ಆ ಕ್ಷಣ ನೆನಪಾದದ್ದು ಇನ್ನೊಂದು. ಈ ರಿಜಿಸ್ಟರ್‌ಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಮ್ಮ ಡೇಟಾ ಎಂಟ್ರಿ ಹುಡುಗಿ ಕೇಳಿದ್ದಳು: "ಮೇಡಂ, ಪೆನ್ಸಿಲಿಂದೂ ಟೈಪ್ ಮಾಡ್ಲೇನ್ರಿ?" ನಾನು ತಲೆ ಎತ್ತದೆಯೇ ಉತ್ತರಿಸಿದ್ದೆ: "ಬ್ಯಾಡ. ಪೆನ್ನಿಂದಷ್ಟ ಸಾಕು."

ಅಷ್ಟೇ. ಒಂದು ಊರನ್ನು ಒಬ್ಬ ಮನುಷ್ಯ ಕಾಲು ಸವೆಸಿ ತಿಳಿದುಕೊಂಡದ್ದನ್ನು ನಾನು ಎರಡು ಮಾತಿನಲ್ಲಿ ಕೈಬಿಟ್ಟಿದ್ದೆ. ನಾಚಿಕೆಯಾಯಿತು. ಅಂಕಣಕ್ಕೆ ಬೇಕೆಂದು ಬರೆಯುತ್ತಿಲ್ಲ, ನಿಜಕ್ಕೂ ಆಯಿತು. ನಮ್ಮ ಮೂರೂ ಮೀಟಿಂಗ್‌ಗಳಲ್ಲಿ ಈರಪ್ಪ ಹಿಂದಿನ ಸಾಲಿನಲ್ಲೇ ಕೂತಿದ್ದರು. ಅಲ್ಲೇ ಯಾಕೆ ಹೇಳಲಿಲ್ಲ ಎಂದರೆ, "ಕೇಳಿದ್ರ ಹೇಳ್ತಿದ್ನಿರಿ" ಎಂದರು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ವಾಸಿಯಿತ್ತು.

ಖೈರುನ್ನೀಸಾ ಅವರು ಅಂದು ಒತ್ತದೆಯೇ ಮನೆಗೆ ಹೋದರು. ನಾನು ಹತ್ತು ದಿನ ಸಮಯ ಕೇಳಿದೆ. ನಾಚಿಕೆಪಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ತಪ್ಪು ನನ್ನದಾದರೆ ತಿದ್ದುವ ಕೈಯೂ ನನ್ನದೇ ಅಲ್ಲವೇ? ಈರಪ್ಪ ಪೆನ್ಸಿಲ್ ಷರಾ ಓದುತ್ತಾ ಹೋದರು, ನಾವು ಟೈಪ್ ಮಾಡುತ್ತಾ ಹೋದೆವು. ಪ್ರತಿ ವಿವರದ ಪಕ್ಕದಲ್ಲೂ 'ಇದು ಸರಿಯಿಲ್ಲ' ಎಂಬ ಬಟನ್ ಬಂತು. ಒತ್ತಿದರೆ, ಯಾಕೆ ಸರಿಯಿಲ್ಲ ಎಂದು ಬರೆಯಲು ಜಾಗ. ಬರೆದದ್ದನ್ನು ಸ್ಥಳಕ್ಕೆ ಹೋಗಿ ನೋಡಿ ಒಪ್ಪುವ ಕೆಲಸ ಬಿಲ್ ಕಲೆಕ್ಟರ್‌ನದು. ಅಂಗಡಿಗಳೆಲ್ಲ ಮನೆಗಳಾಗುವ ಆ ಹಳೆಯ ಮಾತನ್ನು ಮುಖ್ಯಾಧಿಕಾರಿ ತೆಗೆದರು. "ನೋಡಿದ ಮ್ಯಾಲೇನ ಬದಲಾಗ್ತೈತ್ರಿ ಸರ್, ನನ್ನ ಮ್ಯಾಲ ಬಿಡ್ರಿ" ಎಂದೆ. ಬಿಟ್ಟರು.

ಹನ್ನೊಂದನೆಯ ದಿನ ಖೈರುನ್ನೀಸಾ ಮತ್ತೆ ಬಂದರು. ಈ ಸಲ ಫೋಟೊಗ್ರಾಫರ್ ಇರಲಿಲ್ಲ. ಗ್ಯಾರೇಜ್ ಪಕ್ಕದ ಬಟನ್ ಒತ್ತಿದರು, ಅತ್ತೆ ಮಲಗುವ ವಿಷಯ ಬರೆಸಿದರು. ಈರಪ್ಪ ಹಿಂದಿನ ದಿನವೇ ಹೋಗಿ ನೋಡಿಕೊಂಡು ಬಂದಿದ್ದರಿಂದ ಕುಳಿತಲ್ಲೇ ಒಪ್ಪಿದರು. ಪರದೆಯ ಮೇಲೆ 'ವಾಸದ ಮನೆ' ಎಂದು ಬಂತು. ಮೀಟರಿನ ದಾರಿ ಸಲೀಸಾಯಿತು.

ಇನ್ನೇನು ಘೋಷಣೆ ಒತ್ತುತ್ತಾರೆ ಎನ್ನುವಾಗ ಅವರ ಕೈ ಇನ್ನೊಂದು ವಿವರದ ಹತ್ತಿರ ಹೋಯಿತು.

"ಇದೂ ಸರಿ ಇಲ್ರಿ. ಹಿಂದಿನ ಬಾಜು ಮ್ಯಾಲ ಒಂದ್ ಖೋಲಿ ಕಟ್ಟೇವಿ, ಎರಡು ವರ್ಷ ಆತು. ಹಾಕ್ರಿ ಅದನ್ನ."

ಈರಪ್ಪ ಕನ್ನಡಕ ತೆಗೆದು ಅವರನ್ನೇ ನೋಡಿದರು. "ಅದು ನನಗೂ ಗೊತ್ತಿಲ್ಲಲ್ರಿ! ಓಣಿಯಿಂದ ಕಾಣೂದ ಇಲ್ಲ."

ತೆರಿಗೆ ಹೆಚ್ಚಾಗುತ್ತದೆ ಎಂದು ನಾನೇ ಎಚ್ಚರಿಸಿದೆ.

"ಆಗ್ಲಿ ಬಿಡ್ರಿ. ಇರೂದಕ್ಕ ಐತಿ ಅನ್ನೂದು, ಇಲ್ಲದ್ದಕ್ಕ ಇಲ್ಲ ಅನ್ನೂದು. ಅವತ್ತೂ ಇಷ್ಟ ಕೇಳಿದ್ನಿ" ಎಂದು ಅದನ್ನೂ ಬರೆಸಿ, ಈ ಸಲ ಘೋಷಣೆಯನ್ನು ಗಟ್ಟಿಯಾಗಿ ಒತ್ತಿದರು.

ಇಂಥವರ ಕೈಗೆ ವಿವರಗಳು ಸಿಗಬಾರದೆಂದೇ ಅಲ್ಲವೇ ನಾವು ಅಷ್ಟು ಜತನದಿಂದ ಬೀಗ ಹಾಕಿದ್ದು?